ಹಣಕಾಸು ವೃತ್ತಿಗೆ ಯಾವ ಪದವಿ, ಜೊತೆಗೆ ಯಾವ ವಿಷಯ?

ಕೇಳುಗರಿಗೆ ನಮಸ್ಕಾರ.

ಹಣಕಾಸು ಕ್ಷೇತ್ರಕ್ಕೆ ಹೋಗಬೇಕೆನ್ನುವ ವಿದ್ಯಾರ್ಥಿಗಳು ಬಿ.ಕಾಂ. ಸೇರಲೋ, ಬಿ.ಬಿ.ಎ. ಸೇರಲೋ ಎಂದು ಕೇಳುವುದುಂಟು. ಪದವಿಯ ಹೆಸರಿಗಿಂತ ಅದರೊಳಗೆ ಯಾವ ವಿಷಯಗಳು ಕೂಡಿಬಂದಿವೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಬಾಂಡನ್ನೇ, ಅಂದರೆ ಬಡ್ಡಿ ಕೊಡುವ ಸಾಲಪತ್ರವನ್ನೇ, ತೆಗೆದುಕೊಳ್ಳಿ. ಮುಖಬೆಲೆ 1000 ರೂಪಾಯಿ, ಅವಧಿ 10 ವರ್ಷ, ವರ್ಷಕ್ಕೊಮ್ಮೆ ಶೇಕಡ 7ರಂತೆ ಬಡ್ಡಿ. ಕೊಂಡ ಮರುದಿನವೇ ಪೇಟೆಯ ಬಡ್ಡಿದರ ಶೇಕಡ 8ಕ್ಕೇರಿದರೆ ಅದರ ಬೆಲೆ ಸುಮಾರು 933 ರೂಪಾಯಿಗೆ ಇಳಿಯುತ್ತದೆ. ಹೊಸ ಬಾಂಡು 80 ರೂಪಾಯಿ ಬಡ್ಡಿ ಕೊಡುವಾಗ 70 ರೂಪಾಯಿಯ ಹಳೆಯದನ್ನು ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಈ ಇಳಿಕೆಯನ್ನು ಲೆಕ್ಕಪುಸ್ತಕದಲ್ಲಿ ಎಲ್ಲಿ, ಹೇಗೆ ತೋರಿಸಬೇಕೆಂದು ಲೆಕ್ಕಶಾಸ್ತ್ರ ಹೇಳುತ್ತದೆ. ಬಡ್ಡಿದರ ಏರಿದ್ದೇಕೆ, ಹಣದುಬ್ಬರಕ್ಕೂ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೂ (ಬ್ಯಾಂಕುಗಳಿಗೆ ಅದು ಅಲ್ಪಾವಧಿ ಸಾಲ ಕೊಡುವ ಬಡ್ಡಿದರ) ಏನು ನಂಟು ಎಂಬುದು ಅರ್ಥಶಾಸ್ತ್ರದ ಪಾಠ. ಇಂಥ ಏರಿಕೆಯ ಸಂಭವ ಎಷ್ಟು, ನೂರಾರು ಬಾಂಡುಗಳನ್ನು ಇಟ್ಟುಕೊಂಡ ಸಂಸ್ಥೆಯೊಂದು ಎಷ್ಟು ನಷ್ಟಕ್ಕೆ ಸಿದ್ಧವಾಗಿರಬೇಕು ಎಂಬುದನ್ನು ಅಳೆಯಲು ಸಂಖ್ಯಾಶಾಸ್ತ್ರ ಬೇಕು. ಈ ಮೂರರಲ್ಲಿ ಯಾವುದು ಮೇಜರ್ ಆದರೂ ಸರಿ, ಉಳಿದೆರಡನ್ನು ಮೈನರ್ ಆಗಿಯೋ ಐಚ್ಛಿಕವಾಗಿಯೋ ಓದಿರಬೇಕು.

ವಾಣಿಜ್ಯ ವಿದ್ಯಾರ್ಥಿಗಳಲ್ಲಿ ಅನೇಕರು ಕೈಬಿಡುವುದು ಸಂಖ್ಯಾಶಾಸ್ತ್ರವನ್ನು, ಅದೂ ಪಿಯುಸಿಯಲ್ಲೇ, ಆ ವಿಷಯವಿರುವ ಎಸ್‌.ಇ.ಬಿ.ಎ. ಬದಲು ಇತಿಹಾಸವಿರುವ ಎಚ್‌.ಇ.ಬಿ.ಎ. ಆರಿಸಿಕೊಳ್ಳುವಾಗ. ಇತಿಹಾಸ ಓದುವುದು ತಪ್ಪೇನಲ್ಲ. ಆದರೆ ಗಣಿತದ ಭಯದಿಂದ ಅದನ್ನು ಆರಿಸಿಕೊಂಡವರು ಪದವಿಯಲ್ಲಾದರೂ ಆ ಕೊರತೆಯನ್ನು ತುಂಬಿಕೊಳ್ಳಲೇಬೇಕು.

ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿರುವುದರಿಂದ, ಹಿರಿಯ ವಿದ್ಯಾರ್ಥಿಗಳ ಮಾತನ್ನಷ್ಟೇ ನಂಬದೆ ಈಗಿನ ಪಠ್ಯಕ್ರಮವನ್ನು ತರಿಸಿಕೊಂಡು ಓದುವುದು ಒಳ್ಳೆಯದು.

ಲೆಕ್ಕಪರಿಶೋಧಕರಾಗಬೇಕೆನ್ನುವವರಿಗೆ ಬಿ.ಕಾಂ. ನೇರ ದಾರಿ. ಸಿ.ಎ. ಇಂಟರ್‌ಮೀಡಿಯೆಟ್‌ಗೆ ಫೌಂಡೇಶನ್ ಪರೀಕ್ಷೆಯಿಲ್ಲದೆ ಸೇರಲು ವಾಣಿಜ್ಯ ಪದವೀಧರರಿಗೆ ಶೇಕಡ 55, ಇತರರಿಗೆ ಶೇಕಡ 60 ಅಂಕ ಸಾಕು. ಆದ್ದರಿಂದ ಬೇರೆ ಪದವಿ ಓದಿದವರಿಗೂ ಬಾಗಿಲು ಮುಚ್ಚಿಲ್ಲ. ವಿಮಾ ಗಣಿತದತ್ತ ಒಲವಿರುವವರಿಗೆ ಮಾತ್ರ ಗಣಿತ, ಸಂಖ್ಯಾಶಾಸ್ತ್ರಗಳ ಬಿ.ಎಸ್ಸಿ.ಯೇ ಹೆಚ್ಚು ಸೂಕ್ತ.

'ಫೈನಾನ್ಸ್' ಎಂಬ ಹೆಸರು ಹೊತ್ತ ದುಬಾರಿ ಕೋರ್ಸುಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಸೇರುವ ಮೊದಲು ಅಲ್ಲಿ ಸಂಖ್ಯಾಶಾಸ್ತ್ರ ಎಷ್ಟು ಸೆಮಿಸ್ಟರ್ ಇದೆ, ಅದನ್ನು ಕಲಿಸಲು ಕಾಯಂ ಅಧ್ಯಾಪಕರಿದ್ದಾರೆಯೇ, ನಿಜವಾದ ಕಂಪನಿಯೊಂದರ ವಾರ್ಷಿಕ ವರದಿಯನ್ನು ತರಗತಿಯಲ್ಲಿ ಓದಿಸುತ್ತಾರೆಯೇ ಎಂದು ಕಾಲೇಜಿಗೇ ಹೋಗಿ ವಿಚಾರಿಸಿ.

ನಮಸ್ಕಾರ.