ಹಲಗೆ ನೋಡಿ ಬರೆಸುವ ಹದಿನೈದು ನಿಮಿಷ

ಕೇಳುಗರಿಗೆ ನಮಸ್ಕಾರ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹೈಸ್ಕೂಲ್ ಮಾಸ್ತರು, ಟೀಚರುಗಳಿಗೆ ಇಂದಿನ ಮಾತು.

40 ನಿಮಿಷದ ಪಿರಿಯಡ್ ತಗೊಳ್ಳಿ. ಮಕ್ಕಳು ಕೂತು ಹಾಜರಿ ಮುಗಿಯುವಷ್ಟರಲ್ಲಿ 5 ನಿಮಿಷ ಹೋಯಿತು. ಹೋಂವರ್ಕ್ ನೋಡಲು ಇನ್ನೊಂದು 5. ಹಲಗೆ ಮೇಲಿನ ನೋಟ್ಸ್ ಇಳಿಸಿಕೊಳ್ಳಲು 15. ಉಳಿದದ್ದರಲ್ಲಿ ಪಾಠ. ಮಕ್ಕಳು ಯೋಚಿಸುವುದು ಯಾವಾಗ?

ಕೈ ಹಾಕಬೇಕಾದದ್ದು ಆ 15 ನಿಮಿಷಕ್ಕೆ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವುದನ್ನೇ ಮತ್ತೆ ಯಾಕೆ ಬರೆಸಬೇಕು? ಮನೆಯಲ್ಲಿ ವಿಡಿಯೊ ನೋಡಿ ಬಂದು ಶಾಲೆಯಲ್ಲಿ ಲೆಕ್ಕ ಮಾಡುವ ಪದ್ಧತಿಯೊಂದಿದೆ. ಇದ್ದೊಂದು ಫೋನು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುವ, ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳೂ ಅದರ ಹಿಂದೆ ಹೋಗುವ ಊರುಗಳಲ್ಲಿ ಅದು ನಡೆಯುವ ಮಾತಲ್ಲ. ತರಗತಿಯಲ್ಲೇ 5 ನಿಮಿಷ ಅರ್ಧ ಪುಟ ಮೌನವಾಗಿ ಓದಿಸಿ, ಮುಖ್ಯ ಸಾಲಿಗೆ ಪೆನ್ಸಿಲ್ ಗೆರೆ ಎಳೆಸಿ. 10 ನಿಮಿಷ ಉಳಿಯಿತು.

ಆ 10 ನಿಮಿಷಕ್ಕೆ ತಕ್ಕ ಪ್ರಶ್ನೆ ಬೇಕು. ಮುನಿರಾಬಾದಿನ ತುಂಗಭದ್ರಾ ಜಲಾಶಯವನ್ನೇ ನೋಡಿ. ಮೊದಲು ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ, ಹೂಳು ತುಂಬಿ ಈಗ ಸುಮಾರು 105. ಶೇಕಡಾ ಎಷ್ಟು ಕಡಿಮೆಯಾಯಿತು? 3 ನಿಮಿಷ ಒಬ್ಬೊಬ್ಬರೇ ರಫ್ ಪುಸ್ತಕದಲ್ಲಿ ಮಾಡಲಿ, ಮಾತಿಲ್ಲ. ಆಮೇಲೆ 4 ನಿಮಿಷ ಇಬ್ಬಿಬ್ಬರು ಸೇರಲಿ. ಒಬ್ಬರು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಆರು ಜನರ ಗುಂಪು ಮಾಡಿದಿರೋ, ಇಬ್ಬರು ಮಾಡುತ್ತಾರೆ, ನಾಲ್ವರು ನೋಡುತ್ತಾರೆ.

ಈಗ ಎರಡು ಉತ್ತರ ಬರುತ್ತವೆ. ಕಳೆದುಹೋದ 28ನ್ನು 133ರಿಂದ ಭಾಗಿಸಿದವರಿಗೆ ಸುಮಾರು 21, 105ರಿಂದ ಭಾಗಿಸಿದವರಿಗೆ ಸುಮಾರು 27. ಎರಡನ್ನೂ ಹಲಗೆ ಮೇಲೆ ಬರೆಯಿರಿ, ಯಾವುದು ಸರಿ ಎಂದು ಮಾತ್ರ ಬಾಯಿಬಿಡಬೇಡಿ. "ಯಾವುದರಲ್ಲಿ ಕಡಿಮೆಯಾಯಿತು?" ಎಂದಷ್ಟೇ ಕೇಳಿ, ಸುಮ್ಮನಿರಿ. ಶೇಕಡಾ ಲೆಕ್ಕದ ಗುಟ್ಟೆಲ್ಲ ಅಲ್ಲೇ ಇದೆ, ಅದನ್ನು ಮಕ್ಕಳೇ ಜಗಳವಾಡಿ ಬಿಡಿಸಿಕೊಳ್ಳಲಿ.

ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಅಷ್ಟೇ ಕಾಯುತ್ತಿದ್ದರು. 3 ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಕೈ ಎತ್ತುವ ಅದೇ ನಾಲ್ಕು ಮಕ್ಕಳಿಗೆ ಮೊದಲೇ ಹೇಳಿಬಿಡಿ: ಇವತ್ತು ಕೈ ಎತ್ತುವುದಿಲ್ಲ, ಹೆಸರು ಕರೆದವರು ಹೇಳಬೇಕು.

ಸದ್ದು ಆಗೇ ಆಗುತ್ತದೆ, ಪಕ್ಕದ ಕ್ಲಾಸಿನವರು ಇಣುಕಲೂಬಹುದು. ಪೋರ್ಷನ್ ಮುಗಿಯುತ್ತೋ ಇಲ್ಲವೋ ಎಂಬ ಭಯ ಸುಳ್ಳಲ್ಲ. ಅದಕ್ಕೇ ವಾರಕ್ಕೆ ಎರಡು ಪಿರಿಯಡ್ ಸಾಕು, ಮಕ್ಕಳು ಎಡವುವ ಪಾಠಗಳಿಗೆ ಮಾತ್ರ. ನೋಟ್ಸ್ ಖಾಲಿ ಎಂದು ಪಾಲಕರು ಕೇಳಿದರೆ ರಫ್ ಪುಸ್ತಕ ತೋರಿಸಿ.

ಪಿರಿಯಡ್ಡಿನ ಕೊನೆಯ 3 ನಿಮಿಷಕ್ಕೆ ಪ್ರತಿಯೊಬ್ಬರ ಕೈಗೆ ಅಂಗೈಯಗಲದ ಚೀಟಿ ಕೊಡಿ. ಅಂಥದೇ ಇನ್ನೊಂದು ಲೆಕ್ಕ, ಹೆಸರು ಬೇಡ. ಸ್ಟಾಫ್ ರೂಮಿನಲ್ಲಿ ಸರಿ, ಅರೆಸರಿ, ತಪ್ಪು ಎಂದು ಮೂರು ಕಟ್ಟು ಮಾಡಿ. ಮೂರನೆಯದೇ ದಪ್ಪವಾಗಿದ್ದರೆ ಮರುದಿನ ಹೊಸ ಪಾಠ ತೆಗೆಯಬೇಡಿ; ಅದರೊಳಗಿನ ಒಂದು ತಪ್ಪನ್ನು ಹಲಗೆ ಮೇಲೆ ಬರೆದು ಪಿರಿಯಡ್ ಶುರು ಮಾಡಿ.

ನಮಸ್ಕಾರ.