ಅಂಗಡಿ ಬೆಂಚಿನ ಮಾತು ಮತ್ತು ಅಡಕೆ ರೇಟು

ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನಾನು ಅಡಕೆ ಕೊಡುವ ಅಂಗಡಿಯ ಜಗಲಿಯಲ್ಲಿ ಒಂದು ಬೆಂಚು ಉಂಟು. ರೇಟು ಒಳ್ಳೇದಿದ್ದ ದಿನ ಅಲ್ಲಿ ಆಟ, ಮದುವೆ, ಯಾರ ದನ ಕರು ಹಾಕಿತು ಇಂಥದೇ ಸುದ್ದಿ. ಕಿಲೋಗೆ ಹತ್ತು ರೂಪಾಯಿ ಇಳಿದ ದಿನ ನೋಡ್ಬೇಕು ಮಾರಾಯ್ರೇ, ಅದೇ ಜನ ಅದೇ ಚಾ ಕುಡೀತಾ "ಈ ಓಟು ಗೀಟು ಸಾಕು, ಒಬ್ಬ ಗಟ್ಟಿಗ ಬಂದು ಬೆತ್ತ ಹಿಡೀಬೇಕು" ಅಂತ ಸುರು ಮಾಡ್ತಾರೆ. ನಾನೂ ಒಂದೆರಡು ಸಲ ಹೂಂ ಅಂದದ್ದುಂಟು, ಸುಳ್ಳು ಯಾಕೆ.

ಆದ್ರೆ ಇಂಥ ಮಾತು ಎಲ್ಲಿಗೆ ಮುಟ್ಟೀತು ಅಂತ ಒಂದು ಹಳೇ ಕತೆ ಉಂಟು. ಜರ್ಮನಿಯಲ್ಲಿ 1928ರ ಚುನಾವಣೆಲಿ ಹಿಟ್ಲರನ ಪಾರ್ಟಿಗೆ ನೂರಕ್ಕೆ ಮೂರು ಓಟೂ ಸಿಕ್ಕಿರ್ಲಿಲ್ಲ. ಮರುವರ್ಷ ಅಮೆರಿಕದ ಶೇರುಪೇಟೆ ಬಿತ್ತು, ಅಲ್ಲಿಂದ ಸಾಲ ಕೊಟ್ಟವರು ವಾಪಸ್ ಕೇಳಿದ್ರು, ಫ್ಯಾಕ್ಟರಿಗಳು ಮುಚ್ಚಿದ್ವು, 1932ರ ಸುರುವಿಗೆ 60 ಲಕ್ಷ ಜನಕ್ಕೆ ಕೆಲಸ ಇಲ್ಲ, ಅಂಥ ಹೊತ್ತಲ್ಲಿ ಚಾನ್ಸೆಲರ್, ಅಂದ್ರೆ ಅಲ್ಲಿನ ಪ್ರಧಾನಿ, ಬ್ರೂನಿಂಗ್ ಸಂಬಳ ಕಡಿದು ತೆರಿಗೆ ಏರಿಸ್ತಾ ಕೂತಿದ್ದ. ಆ ಜುಲೈಯಲ್ಲಿ ಅದೇ ಪಾರ್ಟಿಗೆ ಶೇಕಡಾ 37.

ಕೆಲಸ ಹೋದವರು ಹೆಚ್ಚಾಗಿ ಕಮ್ಯುನಿಸ್ಟರ ಕಡೆ ವಾಲಿದ್ರು. ಹಿಟ್ಲರನಿಗೆ ಓಟು ಜೋರು ಬಿದ್ದದ್ದು ಸಣ್ಣ ಅಂಗಡಿಯವರದ್ದು, ಸ್ವಂತ ಜಾಗ ಇದ್ದ ರೈತರದ್ದು, ನಾಳೆ ನಾವೂ ಬೀಳ್ತೇವೋ ಅಂತ ಹೆದರಿ ಕೂತವರದ್ದು. ನಮ್ಮಲ್ಲೂ ಅಡಕೆ ಸುಲೀಲಿಕ್ಕೆ ಬರುವ ಹೆಂಗಸರು ಬೆತ್ತದವ ಬೇಕು ಅಂತ ಹೇಳಿದ್ದು ನಾನು ಕೇಳ್ಲಿಲ್ಲ, ಎರಡೆಕ್ರೆ ತೋಟದವನದ್ದೇ ದೊಡ್ಡ ಸ್ವರ. ರೇಟು ಯಾಕೆ ಬಿತ್ತು ಅಂತ ವಿವರಿಸ್ಲಿಕ್ಕೆ ಅರ್ಧ ಗಂಟೆ ಬೇಕು, "ಅವರಿಂದಲೇ" ಅಂತ ಬೆರಳು ತೋರಿಸ್ಲಿಕ್ಕೆ ಅರ್ಧ ನಿಮಿಷ.

ಹಾಗಂತ ಕಷ್ಟ ಬಂದಲ್ಲೆಲ್ಲ ಹೀಗೇ ಆಗ್ತದೆ ಅಂತಲೂ ಇಲ್ಲ. ಡೆನ್ಮಾರ್ಕಿನ ರೈತರು ಬೆಣ್ಣೆ, ಹಂದಿಮಾಂಸ ಬ್ರಿಟನ್ನಿಗೆ ಮಾರಿ ಬದುಕುವವರು, ಅವರ ರೇಟೂ ಪಾತಾಳಕ್ಕೆ ಹೋಗಿತ್ತು. 1933ರ ಜನವರಿ 30, ಬರ್ಲಿನ್ನಲ್ಲಿ ಹಿಟ್ಲರ್ ಚಾನ್ಸೆಲರ್ ಆದ ದಿವಸವೇ, ಕೋಪನ್‌ಹೇಗನ್ನಲ್ಲಿ ಪ್ರಧಾನಿ ಸ್ಟೌನಿಂಗನ ಮನೆಯಲ್ಲಿ ಕಾರ್ಮಿಕರ ಪಕ್ಷವೂ ರೈತರ ಪಕ್ಷವೂ ಕೂತು ರಾಜಿ ಮಾಡ್ಕೊಂಡ್ರು. ರೈತನಿಗೆ ನೆರವು, ಕೂಲಿಯವನ ಸಂಬಳಕ್ಕೆ ಕತ್ತರಿ ಇಲ್ಲ, ಅವರ ದುಡ್ಡು ಕ್ರೋನೆಯ ಬೆಲೆ ಇಳಿಸುದು, ಮೇಲಿಂದ ಬಡವರಿಗೆ ಪಿಂಚಣಿ ವಿಮೆ ಎಲ್ಲ ಸರಿ ಮಾಡುದು. ಅಲ್ಲಿ ಬೆತ್ತದವ ಬರ್ಲಿಲ್ಲ.

ನಮ್ಮ ಹಿರಿಯರೂ ಏನು ಕಡಿಮೆ? 70ರ ಸುರುವಿಗೆ ಅಡಕೆ ರೇಟು ಕುಸಿದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಅಡಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋ ಕಟ್ಟಿದ್ರು. 1956ರಲ್ಲಿ ಗಡಿ ಎಳೆದು ನಮ್ಮನ್ನು ಕೇರಳಕ್ಕೆ ಹಾಕಿದ್ದು ಹೌದು, ಆದ್ರೆ ಆ ಸಂಘ ಎರಡೂ ಕಡೆಯ ಬೆಳೆಗಾರರದ್ದು.

ಈ ಡೆನ್ಮಾರ್ಕಿನ ಕತೆ ಮೊನ್ನೆ ಬೆಂಚಲ್ಲಿ ಹೇಳಿದೆ. ಒಬ್ಬರು ಅಜ್ಜ ಎಲೆಗೆ ಸುಣ್ಣ ಹಚ್ಚುದು ನಿಲ್ಲಿಸಿ ಕೇಳಿದ್ರು, "ಅದೆಲ್ಲ ಸರಿ, ಬೆಣ್ಣೆಗೆ ಮತ್ತೆ ರೇಟು ಬಂತೋ?" ಅಷ್ಟರಲ್ಲಿ ಅಂಗಡಿಯವ ನನ್ನ ಗೋಣಿ ತಕ್ಕಡಿಗೆ ಎತ್ತಿದ, ನಾನು ಎದ್ದು ಒಳಗೆ ಹೋದೆ.