ಬೆಕ್ಕು ತಲೆಕೆಳಗಾಗಿ ನಡೆದಾಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರು ಮಕ್ಕಳಿಗೆ ಸ್ಕ್ರ್ಯಾಚ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ ಕಲಿಸುವವರು. ಹಾಗಾಗಿ 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಅದನ್ನು ಹೊರತಂದದ್ದು, ಒಂದೊಂದು ಆಜ್ಞೆಯಿರುವ ಬಣ್ಣದ ಬ್ಲಾಕ್ ಜೋಡಿಸಿದರೆ ಕಥೆ ಓಡುವುದು, ಇದನ್ನೆಲ್ಲ ಮತ್ತೆ ಹೇಳುವುದಿಲ್ಲ. ನಾನು ಮಾತಾಡಬೇಕು ಅಂದುಕೊಂಡಿರುವುದು ಸ್ಕ್ರ್ಯಾಚ್ ತೆರೆದ ಕೂಡಲೇ ಕಾಣುವ ಪಾತ್ರ, ಆ ಕಿತ್ತಳೆ ಬಣ್ಣದ ಬೆಕ್ಕಿನ ಬಗ್ಗೆ. ನಾವು ಏನೂ ಹೇಳದೆ ಬಿಟ್ಟ ಕಡೆ ಅದು ಏನು ಮಾಡುತ್ತದೆ ಅನ್ನುವುದರ ಬಗ್ಗೆ.

ನಮ್ಮ ಬೇಸಿಗೆ ಶಿಬಿರಕ್ಕೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಕಥೆ ಇಷ್ಟೇ: ಬೆಕ್ಕು ಅಜ್ಜಿ ಮನೆಗೆ ಹೋಗಿ ವಾಪಸ್ ಬರಬೇಕು. ಹತ್ತು ಹೆಜ್ಜೆ ನಡೆ, ಅಂಚು ತಾಗಿದರೆ ಹಿಂದಿರುಗು, ಇದೇ ಮತ್ತೆ ಮತ್ತೆ. ಹಿನ್ನೆಲೆಗೆ ಎರಡು ದಿನ ಕೂತು ಹೆಂಚಿನ ಮನೆ, ಬಾವಿಕಟ್ಟೆ, ಬಾವಿಯ ರಾಟೆ, ಹಗ್ಗ ಕೂಡ ಬಿಡಿಸಿದ್ದಳು. ಎಲ್ಲರನ್ನೂ ಕರೆದು, ಕಥೆ ಶುರು ಮಾಡುವ ಹಸಿರು ಬಾವುಟ ಒತ್ತಿದಳು. ಬೆಕ್ಕು ಚೆನ್ನಾಗಿಯೇ ಹೋಯಿತು. ಬಲಗಡೆ ಅಂಚು ಮುಟ್ಟಿತು. ತಿರುಗಿತು. ಅಲ್ಲಿಂದ ಕಾಲು ಮೇಲೆ, ತಲೆ ಕೆಳಗೆ! ಇಡೀ ಕ್ಲಾಸು ನಕ್ಕಿತು. ಅವಳ ಕಣ್ಣು ತುಂಬಿ ಬಂತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ಅಜ್ಜಿ ಮನೇಲಿ ಜಾಸ್ತಿ ಹೋಳಿಗೆ ತಿಂದಿದೆ" ಅಂದ. ಅವಳೂ ನಕ್ಕುಬಿಟ್ಟಳು.

ತಪ್ಪು ಅವಳದಲ್ಲ. ನಾವು ಬೇರೆ ಹೇಳದಿದ್ದರೆ ಸ್ಕ್ರ್ಯಾಚ್‌ನ ಪಾತ್ರ ಸುತ್ತಲೂ ತಿರುಗುತ್ತದೆ. ಎಡಕ್ಕೆ ಮುಖ ಮಾಡು ಅಂದರೆ ಇಡೀ ಚಿತ್ರವೇ 180 ಡಿಗ್ರಿ ಸುತ್ತುತ್ತದೆ. ಗಡಿಯಾರದ ಮುಳ್ಳಿಗೆ, ರಾಕೆಟ್ಟಿಗೆ ಅದೇ ಸರಿ. ಆದರೆ ತಾನು ಮುಳ್ಳೋ ಬೆಕ್ಕೋ ಅಂತ ಪಾತ್ರಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಎಡ-ಬಲ ಮಾತ್ರ ತಿರುಗು ಅನ್ನುವ ಬ್ಲಾಕ್ ಒಂದು ಹಾಕಿದರೆ ಆಯಿತು. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುವುದು: ನಡೆಸುವ ಮೊದಲು ನಿಲ್ಲಿಸಲು ಕಲಿಸಿ.

ಅವಳು ಆ ಬ್ಲಾಕ್ ಹಾಕಿ ಮತ್ತೆ ಬಾವುಟ ಒತ್ತಿದಳು. ಈ ಸಲ ಕಥೆ ಶುರುವಾಗುವ ಮೊದಲೇ ಬೆಕ್ಕು ಅಜ್ಜಿ ಮನೆ ಬಾಗಿಲಲ್ಲಿತ್ತು. ಬಾವುಟ ಒತ್ತಿದ ಮಾತ್ರಕ್ಕೆ ಪಾತ್ರ ಹಳೇ ಜಾಗಕ್ಕೆ ಬರುವುದಿಲ್ಲ. ಎಲ್ಲಿ ಬಿಟ್ಟಿದ್ದೆವೋ ಅಲ್ಲೇ ಇರುತ್ತದೆ. ಕೊನೆಯಲ್ಲಿ ಅಜ್ಜಿಯನ್ನು ಮರೆ ಮಾಡಿದ್ದರೆ, ಮುಂದಿನ ಸಲ ಅಜ್ಜಿಯೇ ಇಲ್ಲ. ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು, ಕಾಣಿಸಬೇಕೋ ಬೇಡವೋ, ಇದನ್ನು ಬಾವುಟದ ಬ್ಲಾಕಿನ ಕೆಳಗೇ ಹಾಕಿಸಿ. ಮತ್ತೆ ಅದೇ ಮಾತು: ಮೊದಲು ನಿಲ್ಲಿಸಿ, ಆಮೇಲೆ ನಡೆಸಿ.

ಚೀಟಿ ಬಂತು, ಎರಡೇ ನಿಮಿಷವಂತೆ. ಎರಡು ಪಾತ್ರಗಳು ಒಟ್ಟಿಗೆ ಮಾತಾಡುವ ತೊಂದರೆ ಬಗ್ಗೆ ಊಟ ಆದಮೇಲೆ ಕೇಳಿ. ಇನ್ನೊಂದು ಹೇಳಿಬಿಡುತ್ತೇನೆ. ಮಾತಿನ ಬ್ಲಾಕಿನಲ್ಲಿ 'ಹಲೋ', 2 ಸೆಕೆಂಡ್ ಅಂತ ಮೊದಲೇ ಇರುತ್ತದೆ. ಹಲೋಗೆ ಅಷ್ಟು ಸಾಕು. ಇವಳ ಬೆಕ್ಕು ಹೇಳಬೇಕಾಗಿದ್ದದ್ದು, "ಅಜ್ಜಿ, ಅಮ್ಮ ಮಾವಿನಕಾಯಿ ಉಪ್ಪಿನಕಾಯಿ ಕಳಿಸಿದ್ದಾಳೆ." ಎರಡನೇ ಕ್ಲಾಸಿನ ಅವಳ ತಮ್ಮ ಅಕ್ಷರ ಕೂಡಿಸಿ 'ಮಾವಿನ' ಅನ್ನುವಷ್ಟರಲ್ಲಿ ಮಾತೇ ಮಾಯ. ಅವಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅದನ್ನೇ ಹಾಳೆ ಮೇಲೆ ಬರೆದು ಕೊಟ್ಟು, ಅವನು ಓದಿ ಮುಗಿಸುವ ತನಕ ಬೆರಳು ಮಡಚಿ ಎಣಿಸಿದಳು. 2 ಅಳಿಸಿ 9 ಹಾಕಿದಳು.